ಬಣ್ಣದ ಚಿತ್ರದಲ್ಲಿ ನಮ್ಮ ಮಗುವಿಲ್ಲ

"ಸ್ಕ್ಯಾನ್ ಒಂದು ಮಾಡಿಸಿಬಿಡಿ, ಎಲ್ಲ ಗೊತ್ತಾಗಿಬಿಡುತ್ತೆ." ನನ್ನ ತಂಗಿ ಈ ಮಾತನ್ನು ಮದುವೆಮನೆಯಲ್ಲಿ ಕೇಳಿದ್ದಾಳೆ, ಶಾಲೆಯ ಗೇಟಿನ ಹತ್ತಿರ ಕೇಳಿದ್ದಾಳೆ, ಚೆನ್ನಾಗಿ ಓದಿಕೊಂಡ ನೆಂಟರಿಷ್ಟರ ಬಾಯಲ್ಲೇ ಹೆಚ್ಚಾಗಿ ಕೇಳಿದ್ದಾಳೆ. ಅವಳ ಮಗನಿಗೆ ಆಟಿಸಂ ಇದೆ. ಮೂರು ವರ್ಷದವನಿದ್ದಾಗ ಮಕ್ಕಳ ಮನೋವೈದ್ಯರೊಬ್ಬರು ಮೂರು ಸಲ ಅವನ ಜೊತೆ ನೆಲದ ಮೇಲೆ ಕೂತು, ಆಡಿಸಿ, ತಂಗಿಯನ್ನು ಗಂಟೆಗಟ್ಟಲೆ ಪ್ರಶ್ನೆ ಕೇಳಿ, ಆಮೇಲೆ ಅದನ್ನು ಹೇಳಿದರು. ಮನೆಮಂದಿಗೆ ಅಷ್ಟು ಸಾಲಲಿಲ್ಲ. "ಬರೀ ನೋಡಿ ಹೇಳಿದ್ದಾರೆ, ಟೆಸ್ಟ್ ಅಂತ ಏನೂ ಮಾಡಿಸಿಲ್ಲ" ಎಂಬ ಅಸಮಾಧಾನ ಎಲ್ಲರಿಗೂ ಇತ್ತು. ನನಗೂ ಇತ್ತು. ಕೊನೆಗೆ ಯಾರೋ ಹೇಳಿದ ಒಂದು ಖಾಸಗಿ ಕೇಂದ್ರಕ್ಕೆ ಹೋಗಿ "ಬ್ರೈನ್ ಮ್ಯಾಪಿಂಗ್" ಮಾಡಿಸಿದೆವು. ಹನ್ನೆರಡು ಪುಟದ ಕಲರ್ ಪ್ರಿಂಟ್ ಕೊಟ್ಟರು. ಪುಟದ ತುಂಬ ಪುಟ್ಟ ಪುಟ್ಟ ದುಂಡನೆಯ ತಲೆಗಳು, ಕೆಲವಕ್ಕೆ ಕೆಂಪು, ಕೆಲವಕ್ಕೆ ನೀಲಿ. "ಇಲ್ಲಿ ಕೆಂಪಿದೆಯಲ್ಲ ಮೇಡಂ, ತೊಂದರೆ ಇರೋದು ಇಲ್ಲೇ" ಎಂದು ಅಲ್ಲಿನವರು ಪೆನ್ನಿನ ತುದಿಯಿಂದ ತೋರಿಸಿದರು. ತಂಗಿ ಆ ಕೆಂಪನ್ನೇ ನೋಡುತ್ತ ಕೂತಳು. ಮಗ ಅವಳ ಕಾಲ ಬಳಿ ಕುರ್ಚಿಯ ಚಕ್ರ ತಿರುಗಿಸುತ್ತಿದ್ದ. ಆ ಅರ್ಧ ಗಂಟೆಯಲ್ಲಿ ಯಾರೂ ಅವನತ್ತ ನೋಡಲಿಲ್ಲ.

ಮಿದುಳಿನ ಚಿತ್ರವೇ ಮನಸ್ಸಿನ ಸತ್ಯ ಎಂದು ನಮ್ಮ ಕಾಲ ನಂಬಿದೆ. ಮಗುವನ್ನು ನೋಡಿ ಹೇಳಿದ್ದು ಅಭಿಪ್ರಾಯ, ಯಂತ್ರ ತೋರಿಸಿದ್ದು ಪುರಾವೆ ಎಂದು ಎಲ್ಲರೂ ಒಪ್ಪಿದಂತಿದೆ. ಈ ನಂಬಿಕೆ ತಪ್ಪು ಎಂದು ಹೇಳಲು ನಾನು ಈ ಲೇಖನ ಬರೆಯುತ್ತಿದ್ದೇನೆ. ಖಾಸಗಿ ಕೇಂದ್ರದ ಪ್ರಿಂಟು ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಇ.ಇ.ಜಿ.ಯಿಂದ ಬಂದದ್ದು, ದೊಡ್ಡ ಸಂಶೋಧನಾಲಯಗಳ ಎಫ್.ಎಂ.ಆರ್.ಐ. ಅದಕ್ಕಿಂತ ಬಹಳ ಮೇಲ್ಮಟ್ಟದ ಕೆಲಸ ಎಂಬುದು ನನಗೆ ಗೊತ್ತು. ಆದರೆ ಆ ಪ್ರಿಂಟಿಗೆ ಬೆಲೆ ಬಂದದ್ದು ಈ ದೊಡ್ಡ ಕೆಲಸದ ಹೆಸರಿನಿಂದ. ಆದ್ದರಿಂದ ಪ್ರಶ್ನೆ ಕೇಳಬೇಕಾದದ್ದು ದೊಡ್ಡದನ್ನೇ.

ಮೊದಲು ಯಂತ್ರ ಅಳೆಯುವುದು ಏನನ್ನು? 1990ರಲ್ಲಿ ಸೆಯ್ಜಿ ಒಗಾವಾ ಎಂಬ ಜಪಾನಿ ವಿಜ್ಞಾನಿ, ರಕ್ತದಲ್ಲಿ ಆಮ್ಲಜನಕ ಹೆಚ್ಚು ಕಡಿಮೆಯಾದರೆ ಎಂ.ಆರ್.ಐ. ಸಂಕೇತವೂ ಬದಲಾಗುತ್ತದೆ ಎಂದು ತೋರಿಸಿದರು. ಎರಡೇ ವರ್ಷದಲ್ಲಿ ಅದನ್ನು ಮನುಷ್ಯರ ಮೇಲೆ ಬಳಸಲು ಶುರುವಾಯಿತು. ಎಫ್.ಎಂ.ಆರ್.ಐ. ಅಂದರೆ ಇಷ್ಟೇ: ಮಿದುಳಿನ ಒಂದು ಭಾಗ ಕೆಲಸ ಮಾಡಿದಾಗ ಅಲ್ಲಿಗೆ ರಕ್ತ ಹೆಚ್ಚು ಹರಿಯುತ್ತದೆ, ಆ ಹರಿವಿನ ಗುರುತು ಸಿಗುತ್ತದೆ. ನರಕೋಶ ಕೆಲಸ ಮಾಡುವುದು ಸೆಕೆಂಡಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ. ರಕ್ತ ಅದಕ್ಕೆ ಓಗೊಡುವುದು ಐದಾರು ಸೆಕೆಂಡು ತಡವಾಗಿ. ಯಂತ್ರ ಒಮ್ಮೆಗೆ ಅಳೆಯುವ ಚುಕ್ಕೆ ಸಾಮಾನ್ಯವಾಗಿ ಮೂರು ಮಿಲಿಮೀಟರಿನ ಘನ, ಹೆಚ್ಚು ಕಡಿಮೆ ಒಂದು ಕೊತ್ತಂಬರಿ ಬೀಜದಷ್ಟು. ಅಷ್ಟರೊಳಗೆ ಲಕ್ಷಾಂತರ ನರಕೋಶಗಳಿವೆ. ನಾವು ನೋಡುವ ಕೆಂಪು ಹಳದಿ ಬಣ್ಣ ಮಿದುಳಿನ ಬಣ್ಣವಲ್ಲ. ಹತ್ತಾರು ಜನರ ಅಳತೆಗಳನ್ನು ಸೇರಿಸಿ ಸರಾಸರಿ ತೆಗೆದು, ಇಷ್ಟಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಬಣ್ಣ ಹಚ್ಚು ಎಂದು ಸಂಶೋಧಕರೇ ಗೆರೆ ಎಳೆದ ಮೇಲೆ ಮೂಡುವ ನಕ್ಷೆ ಅದು. ಹಾಗಾಗಿ "ಆಟಿಸಂ ಇರುವ ಮಿದುಳು" ಎಂದು ಪತ್ರಿಕೆಯಲ್ಲಿ ಅಚ್ಚಾಗುವ ಚಿತ್ರ ಯಾವ ಒಬ್ಬ ಮನುಷ್ಯನ ತಲೆಯೊಳಗೂ ಇಲ್ಲ.

ಮುಖ ಗುರುತಿಸುವ ವಿಷಯದಲ್ಲಿ ಏನಾಯಿತೆಂದು ಸ್ವಲ್ಪ ವಿವರವಾಗಿ ಹೇಳಬೇಕು. 1997ರಲ್ಲಿ ನ್ಯಾನ್ಸಿ ಕ್ಯಾನ್‌ವಿಷರ್ ಮತ್ತು ಸಹೋದ್ಯೋಗಿಗಳು ಮಿದುಳಿನ ಕೆಳಭಾಗದಲ್ಲಿ, ಮುಖಗಳನ್ನು ನೋಡಿದಾಗ ವಿಶೇಷವಾಗಿ ಚುರುಕಾಗುವ ಒಂದು ಜಾಗವನ್ನು ಗುರುತಿಸಿದರು. ಅದು ಗಟ್ಟಿ ಕೆಲಸ, ಮತ್ತೆ ಮತ್ತೆ ಪರೀಕ್ಷೆಗೆ ನಿಂತಿದೆ. 2000ದಲ್ಲಿ ಯೇಲ್ ವಿಶ್ವವಿದ್ಯಾಲಯದ ರಾಬರ್ಟ್ ಶುಲ್ಟ್ಜ್ ತಂಡ, ಆಟಿಸಂ ಇರುವವರಿಗೆ ಮುಖ ತೋರಿಸಿದಾಗ ಈ ಜಾಗ ಇತರರಲ್ಲಿ ಆಗುವಷ್ಟು ಚುರುಕಾಗುವುದಿಲ್ಲ ಎಂದು ವರದಿ ಮಾಡಿತು. ಸುದ್ದಿ ಹರಡಿತು. ಅವರ ಮಿದುಳಿನಲ್ಲಿ ಮುಖದ ಜಾಗವೇ ಕೆಟ್ಟಿದೆ, ಅವರಿಗೆ ಮನುಷ್ಯರೂ ವಸ್ತುಗಳೂ ಒಂದೇ ಎಂಬರ್ಥದ ಮಾತುಗಳು ಪಠ್ಯಗಳಿಗೂ ಹೋದವು.

ಆಮೇಲೆ 2004ರಲ್ಲಿ ನೌಶೀನ್ ಹಜೀಖಾನಿ ತಂಡ ಮುಖದ ಚಿತ್ರದ ಮೇಲೆ ಒಂದು ಸಣ್ಣ ಗುರುತು ಇಟ್ಟು, ಅದನ್ನೇ ನೋಡುತ್ತಿರಿ ಎಂದು ಹೇಳಿ ಪರೀಕ್ಷಿಸಿತು. ಆಗ ಆಟಿಸಂ ಇರುವವರಲ್ಲೂ ಆ ಜಾಗ ಚುರುಕಾಯಿತು. ಮರುವರ್ಷ ವಿಸ್ಕಾನ್ಸಿನ್‌ನಲ್ಲಿ ಕಿಮ್ ಡಾಲ್ಟನ್ ತಂಡ ಸ್ಕ್ಯಾನಿನ ಜೊತೆಗೆ ಕಣ್ಣಿನ ಚಲನೆಯನ್ನೂ ಅಳೆಯಿತು. ಚಿತ್ರದಲ್ಲಿನ ಕಣ್ಣುಗಳನ್ನು ಯಾರು ಎಷ್ಟು ಹೊತ್ತು ನೋಡಿದರೋ ಅಷ್ಟಕ್ಕೆ ತಕ್ಕಂತೆ ಆ ಜಾಗ ಚುರುಕಾಗುತ್ತಿತ್ತು. ಅಷ್ಟೇ ಅಲ್ಲ, ಆಟಿಸಂ ಇರುವವರು ಕಣ್ಣು ನೋಡಿದಾಗ, ಭಯ ಮತ್ತು ಉದ್ವೇಗಕ್ಕೆ ಸಂಬಂಧಿಸಿದ ಅಮಿಗ್ಡಲದ ಚಟುವಟಿಕೆಯೂ ಏರುತ್ತಿತ್ತು. ಅಂದರೆ ಜಾಗ ಕೆಟ್ಟಿರಲಿಲ್ಲ. ಅವರು ಕಣ್ಣನ್ನು ಕಡಿಮೆ ನೋಡಿದ್ದರು, ಬಹುಶಃ ಹಾಗೆ ನೋಡುವುದು ಅವರಿಗೆ ತಡೆಯಲಾರದಷ್ಟು ಕಷ್ಟವಾಗುತ್ತಿದ್ದುದರಿಂದ.

ನಾಲ್ಕೈದು ವರ್ಷ ಒಂದು ಇಡೀ ಜನಸಮುದಾಯದ ಬಗ್ಗೆ "ಇವರಿಗೆ ಮುಖ ಕಾಣುವ ಶಕ್ತಿಯೇ ಇಲ್ಲ" ಎಂಬ ತೀರ್ಮಾನ ಓಡಾಡಿತು. ಕಾರಣ, ಸ್ಕ್ಯಾನಿನೊಳಗೆ ಅವರು ಎಲ್ಲಿ ನೋಡುತ್ತಿದ್ದಾರೆ ಎಂದು ಯಾರೂ ನೋಡಿರಲಿಲ್ಲ. ಆಟಿಸಂ ಇರುವ ಯಾವುದೇ ಮಗುವಿನ ತಾಯಿಯನ್ನು ಕೇಳಿದ್ದರೆ ಹೇಳುತ್ತಿದ್ದಳು. ನನ್ನ ತಂಗಿಯ ಮಗ ನನ್ನ ಮುಖ ನೋಡುವುದಿಲ್ಲ, ಆದರೆ ನಾನು ಮೂಗುತಿ ಬದಲಿಸಿದ ದಿನ ಬಾಗಿಲಲ್ಲೇ ನಿಂತು ಅದನ್ನು ಬೆರಳಿನಿಂದ ಮುಟ್ಟಿ ನೋಡುತ್ತಾನೆ. "ಕಣ್ಣಲ್ಲಿ ಕಣ್ಣಿಟ್ಟು ಮಾತಾಡೋ" ಎಂದು ಅವನ ಗಲ್ಲ ಹಿಡಿದು ತಿರುಗಿಸಿದ ಹಿರಿಯರಲ್ಲಿ ನಾನೂ ಒಬ್ಬಳು. ಆ ನೆನಪು ನನ್ನನ್ನು ಈಗಲೂ ಚುಚ್ಚುತ್ತದೆ.

ಇಂಥದ್ದೇ ಇನ್ನೊಂದು, "ಒಡೆದ ಕನ್ನಡಿ" ಸಿದ್ಧಾಂತ. ಇತರರ ಕ್ರಿಯೆಯನ್ನು ನಮ್ಮೊಳಗೇ ಪ್ರತಿಬಿಂಬಿಸುವ "ಕನ್ನಡಿ ನರಕೋಶ"ಗಳು ಆಟಿಸಂನಲ್ಲಿ ಕೆಟ್ಟಿವೆ ಎಂಬ ಮಾತಿಗೆ ವಿ.ಎಸ್. ರಾಮಚಂದ್ರನ್ ಅವರಂಥ ದೊಡ್ಡ ಹೆಸರು ಸೇರಿತು. 2006ರಲ್ಲಿ ಅದಕ್ಕೆ ಆಧಾರವಾಗಿ ಬಂದ ಪ್ರಸಿದ್ಧ ಸ್ಕ್ಯಾನ್ ಅಧ್ಯಯನದಲ್ಲಿ ಆಟಿಸಂ ಇದ್ದ ಮಕ್ಕಳು ಹತ್ತು ಮಂದಿ. 2010ರಲ್ಲಿ ಇಲಾನ್ ಡಿನ್‌ಸ್ಟೈನ್ ತಂಡದ ಪರೀಕ್ಷೆಯಲ್ಲಿ ಆ ಭಾಗಗಳು ಎಲ್ಲರಂತೆಯೇ ಕೆಲಸ ಮಾಡಿದವು. ಸಿದ್ಧಾಂತ ಸಂಶೋಧಕರ ನಡುವೆ ಸೊರಗಿತು. ಆದರೆ "ಇವರಿಗೆ ಸಹಾನುಭೂತಿ ಇಲ್ಲ" ಎಂಬ ಮಾತು ಮಾತ್ರ ಸಮಾಜದಲ್ಲಿ ಉಳಿದುಬಿಟ್ಟಿದೆ.

ಮಿದುಳಿನ ಭಾಗಗಳ ನಡುವಿನ ಸಂಪರ್ಕದ ಕಥೆ ಇನ್ನೂ ಗಂಭೀರವಾದದ್ದು. 2004ರಿಂದೀಚೆಗೆ, ಆಟಿಸಂನಲ್ಲಿ ದೂರದೂರದ ಭಾಗಗಳ ನಡುವಿನ ಸಂಪರ್ಕ ದುರ್ಬಲ, ಹತ್ತಿರದ ಭಾಗಗಳ ನಡುವಿನದು ಅತಿ ಎಂಬ ವಿವರಣೆ ಬಲವಾಯಿತು. 2012ರಲ್ಲಿ ಅಮೆರಿಕದ ಮೂರು ತಂಡಗಳು ಬೇರೆ ಬೇರೆಯಾಗಿ ಒಂದೇ ವಿಷಯವನ್ನು ಎತ್ತಿ ತೋರಿಸಿದವು. ಸ್ಕ್ಯಾನಿನೊಳಗೆ ತಲೆ ಒಂದು ಮಿಲಿಮೀಟರಿಗಿಂತ ಕಡಿಮೆ ಅಲುಗಾಡಿದರೂ ಸಾಕು, ದೂರದ ಸಂಪರ್ಕ ಕಡಿಮೆಯಾದಂತೆ, ಹತ್ತಿರದ್ದು ಹೆಚ್ಚಾದಂತೆ ಲೆಕ್ಕದಲ್ಲಿ ಕಾಣುತ್ತದೆ. ಆಟಿಸಂನದೆಂದು ಹೇಳಿದ ಗುರುತೂ, ತಲೆ ಅಲುಗಾಡಿದ ಗುರುತೂ ಒಂದೇ ಆಕಾರದವು. ಮಕ್ಕಳು ದೊಡ್ಡವರಿಗಿಂತ ಹೆಚ್ಚು ಅಲುಗಾಡುತ್ತಾರೆ. ಆಟಿಸಂ ಇರುವ ಮಕ್ಕಳು ಇನ್ನೂ ಹೆಚ್ಚು. ಹಿಂದಿನ ಎಲ್ಲ ಫಲಿತಾಂಶವೂ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಅವುಗಳಲ್ಲಿ ಎಷ್ಟು ಮಿದುಳು, ಎಷ್ಟು ಕದಲಿದ ಕತ್ತು ಎಂಬುದನ್ನು ಬೇರ್ಪಡಿಸದೆ ಅವನ್ನು ನಂಬಿದ್ದು ತಪ್ಪು ಎನ್ನುತ್ತಿದ್ದೇನೆ. ಮುಂದೆ ಹದಿನೇಳು ಕೇಂದ್ರಗಳು ಸೇರಿ 1,112 ಜನರ ಸ್ಕ್ಯಾನುಗಳನ್ನು ಒಟ್ಟುಗೂಡಿಸಿದವು. ಆ ಸಂಗ್ರಹದಿಂದ ಮಿದುಳಿನ ರಚನೆಯನ್ನು ಅಳೆದು ನೋಡಿದ ಡಿನ್‌ಸ್ಟೈನ್ ತಂಡಕ್ಕೆ ಕಂಡದ್ದು, ಆಟಿಸಂ ಇರುವವರು, ಇಲ್ಲದವರು ಎಂಬ ಎರಡು ಗುಂಪುಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ಗುಂಪಿನೊಳಗಿನ ವೈವಿಧ್ಯವೇ ಎಷ್ಟೋ ದೊಡ್ಡದು ಎಂಬುದು.

ಇನ್ನು, ಯಾರ ತಲೆಯನ್ನು ಸ್ಕ್ಯಾನ್ ಮಾಡಿದ್ದಾರೆ? ನಮ್ಮ ಹುಡುಗ ಕುಕ್ಕರ್ ಕೂಗುವುದಕ್ಕೆ ಮೊದಲೇ ಅಡುಗೆಮನೆಯಿಂದ ಎದ್ದು ಹೋಗುತ್ತಾನೆ. ವೆಯ್ಟಿನ ಅಡಿಯಿಂದ ಬರುವ ಆವಿಯ ಸದ್ದು ಸಣ್ಣಗೆ ಬದಲಾಗುವುದು ನಮ್ಮ ಯಾರ ಕಿವಿಗೂ ಬೀಳುವುದಿಲ್ಲ, ಅವನಿಗೆ ಬೀಳುತ್ತದೆ. ಆಚೆಯ ಕೋಣೆಗೆ ಹೋಗಿ, ಕಂಬಳಿಯೊಳಗೆ ತಲೆ ಹುದುಗಿಸಿ, ಎರಡೂ ಕಿವಿ ಒತ್ತಿ ಹಿಡಿದು ಕೂರುತ್ತಾನೆ. ಸಂವೇದನೆ ಎಂಬುದನ್ನು ಯಾರಾದರೂ ಅಭ್ಯಾಸ ಮಾಡಬೇಕಿದ್ದರೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ? ಆದರೆ ಎಂ.ಆರ್.ಐ. ಯಂತ್ರದ ಸದ್ದು ನೂರು ಡೆಸಿಬೆಲ್ ದಾಟುತ್ತದೆ. ಇಕ್ಕಟ್ಟಾದ ಕೊಳವೆಯೊಳಗೆ ಅರ್ಧ ಮುಕ್ಕಾಲು ಗಂಟೆ ಅಲುಗದೆ ಮಲಗಿ, ಹೇಳಿದಂತೆ ಗುಂಡಿ ಒತ್ತಬೇಕು. ಅವನಿಂದ ಅದು ಈ ಜನ್ಮದಲ್ಲಿ ಆಗದು. ಅವನಂಥವರು, ಮಾತಿಲ್ಲದವರು, ಬುದ್ಧಿಮಾಂದ್ಯವೂ ಜೊತೆಗಿರುವವರು ಈ ಅಧ್ಯಯನಗಳ ಒಳಗೆ ಬರುವುದೇ ಅಪರೂಪ. ಆಟಿಸಂ ಕುರಿತ ಎಲ್ಲ ಬಗೆಯ ಸಂಶೋಧನೆಗಳನ್ನು ಪರಿಶೀಲಿಸಿದ 2019ರ ಒಂದು ಬ್ರಿಟಿಷ್ ವಿಶ್ಲೇಷಣೆಯ ಪ್ರಕಾರ, ಅವುಗಳಲ್ಲಿ ಪಾಲ್ಗೊಂಡ ಆಟಿಸಂ ಇರುವವರಲ್ಲಿ ಶೇ. 94ರಷ್ಟು ಮಂದಿಗೆ ಬುದ್ಧಿಮಾಂದ್ಯ ಇರಲಿಲ್ಲ. ಅವರಿಂದ ತೆಗೆದ ಸರಾಸರಿಯನ್ನು ತಂದು ಇವನ ತಾಯಿಯ ಮುಂದೆ "ನಿಮ್ಮ ಮಗನ ಮಿದುಳು ಹೀಗಿದೆ" ಎಂದು ಹಿಡಿಯುವುದು ಅನ್ಯಾಯ.

ಆಟಿಸಂನ ಆಚೆಗೂ, ನಾವು ನಿರ್ಧಾರ ತೆಗೆದುಕೊಳ್ಳುವ ಬಗೆಯ ಸಂಶೋಧನೆಯಲ್ಲಿ, ಸ್ಕ್ಯಾನ್ ಹೇಳದ್ದನ್ನು ಅದರ ಬಾಯಲ್ಲಿ ಹೇಳಿಸುವ ಇದೇ ಚಾಳಿ ಬೇರೆ ರೂಪದಲ್ಲಿದೆ. 2008ರಲ್ಲಿ ಜರ್ಮನಿಯ ಜಾನ್ ಡೈಲನ್ ಹೇಯ್ನ್ಸ್ ಅವರ ತಂಡ, ಬಲಗುಂಡಿಯೋ ಎಡಗುಂಡಿಯೋ ಎಂಬ ನಿರ್ಧಾರವನ್ನು ವ್ಯಕ್ತಿಗೆ ಅರಿವಾಗುವ ಎಷ್ಟೋ ಸೆಕೆಂಡು ಮೊದಲೇ ಮಿದುಳಿನಿಂದ ಓದಬಹುದು ಎಂದಾಗ, "ಮನುಷ್ಯನಿಗೆ ಸ್ವಂತ ಇಚ್ಛೆಯೇ ಇಲ್ಲ, ವಿಜ್ಞಾನ ಸಾಬೀತು ಮಾಡಿದೆ" ಎಂದು ಜಗತ್ತೇ ಮಾತಾಡಿತು. ಪಾಲ್ಗೊಂಡವರು ಹದಿನಾಲ್ಕು ಮಂದಿ. ಊಹೆ ಸರಿಯಾದದ್ದು ನೂರಕ್ಕೆ ಸುಮಾರು ಅರವತ್ತು ಸಲ. ನಾಣ್ಯ ಚಿಮ್ಮಿ ಹೇಳಿದರೂ ಐವತ್ತು ಸಲ ಸರಿಯಾಗುತ್ತದೆ. ಹತ್ತು ಹೆಜ್ಜೆಯ ಈ ಅಂತರ ಅಭ್ಯಾಸ ಮಾಡತಕ್ಕದ್ದೇ. ಅದರ ಮೇಲೆ ಮನುಷ್ಯನ ಇಚ್ಛಾಸ್ವಾತಂತ್ರ್ಯವನ್ನು ತಳ್ಳಿಹಾಕುವಷ್ಟು ಭಾರ ಹೇರಲಾಗದು.

2020ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಇನ್ನೊಂದು ಪ್ರಯೋಗವನ್ನು ಪ್ರತಿ ವಿಜ್ಞಾನ ವರದಿಗಾರರೂ ಓದಿರಬೇಕು. ಹಣ ಪಣಕ್ಕಿಡುವ ಆಟ ಆಡುತ್ತಿದ್ದ 108 ಜನರ ಸ್ಕ್ಯಾನ್ ದತ್ತಾಂಶವನ್ನು 70 ತಂಡಗಳಿಗೆ ಕೊಟ್ಟು, ಒಂಬತ್ತು ಪ್ರಶ್ನೆಗಳಿಗೆ ಹೌದು ಅಥವಾ ಇಲ್ಲ ಎಂದು ಉತ್ತರಿಸಲು ಹೇಳಿದರು. ದತ್ತಾಂಶ ಒಂದೇ, ಪ್ರಶ್ನೆ ಒಂದೇ. ಲೆಕ್ಕ ಹಾಕಿದ ಕ್ರಮ ಮಾತ್ರ ಒಂದು ತಂಡದ್ದು ಇನ್ನೊಂದಕ್ಕೆ ಪೂರ್ತಿ ಹೊಂದಲಿಲ್ಲ. ಹಲವು ಪ್ರಶ್ನೆಗಳಿಗೆ ಉತ್ತರವೂ ಬೇರೆ ಬೇರೆ ಬಂತು. ಅದೇ ವರ್ಷ ಮ್ಯಾಕ್ಸ್‌ವೆಲ್ ಎಲಿಯಟ್ ಮತ್ತು ಸಂಗಡಿಗರು, ಒಬ್ಬನೇ ವ್ಯಕ್ತಿಯನ್ನು ಎರಡು ಸಲ ಸ್ಕ್ಯಾನ್ ಮಾಡಿದರೆ ಅದೇ ಫಲ ಬರುತ್ತದೆಯೇ ಎಂದು 90 ಪ್ರಯೋಗಗಳನ್ನು ಪರಿಶೀಲಿಸಿದರು. ವಿಶ್ವಾಸಾರ್ಹತೆಯ ಅಂಕ, ಒಂದಕ್ಕೆ 0.4ರ ಆಸುಪಾಸು. ಒಬ್ಬ ವ್ಯಕ್ತಿಯ ಬಗ್ಗೆ ತೀರ್ಪು ಕೊಡಲು ಅಷ್ಟು ಎಲ್ಲಿ ಸಾಕಾಗುತ್ತದೆ? ಇಂದು ಮಾಡಿಸಿದ್ದಕ್ಕೂ ಮುಂದಿನ ತಿಂಗಳು ಮಾಡಿಸಿದ್ದಕ್ಕೂ ಇಷ್ಟು ವ್ಯತ್ಯಾಸ ಬರುವ ಸಕ್ಕರೆ ಪರೀಕ್ಷೆಯನ್ನು ನಾವು ಒಪ್ಪುತ್ತಿದ್ದೆವೆ?

ಫಲಿತಾಂಶ ಸರಿಯಿದ್ದಾಗಲೂ ಅದನ್ನು ಓದುವ ಕಣ್ಣಿನ ಪೂರ್ವಗ್ರಹ ಹೋಗುವುದಿಲ್ಲ. ನಿಮ್ಮ ಕೈಗೆ ಐವತ್ತು ರೂಪಾಯಿ ಕೊಟ್ಟು "ಇದರಲ್ಲಿ ಇಪ್ಪತ್ತು ನಿಮಗೆ ಉಳಿಯುತ್ತದೆ" ಎಂದರೂ, "ಇದರಲ್ಲಿ ಮೂವತ್ತು ಹೋಗುತ್ತದೆ" ಎಂದರೂ ವಿಷಯ ಒಂದೇ. ಆದರೆ "ಹೋಗುತ್ತದೆ" ಎಂದು ಕೇಳಿದ ಕೂಡಲೇ ನಮ್ಮಲ್ಲಿ ಬಹುಪಾಲು ಜನ ಆ ಖಚಿತ ಮೊತ್ತ ಬಿಟ್ಟು ಜೂಜಿಗೆ ಬೀಳುತ್ತೇವೆ. ಲಂಡನ್ನಿನ ಬೆನೆಡೆಟ್ಟೊ ಡಿ ಮಾರ್ಟಿನೊ ತಂಡ ಇದನ್ನು 2006ರಲ್ಲಿ ಪೌಂಡುಗಳ ಲೆಕ್ಕದಲ್ಲಿ, ಸ್ಕ್ಯಾನ್ ಸಮೇತ ತೋರಿಸಿತ್ತು. 2008ರಲ್ಲಿ ಅವರೇ ಆಟಿಸಂ ಇರುವವರನ್ನು ಇದೇ ಪರೀಕ್ಷೆಗೆ ಕೂರಿಸಿದರು. ಅವರು ಮಾತಿನ ವರಸೆಗೆ ಕಡಿಮೆ ಮರುಳಾದರು, ನಿರ್ಧಾರದಲ್ಲಿ ಹೆಚ್ಚು ಸುಸಂಗತವಾಗಿದ್ದರು. ಶೀರ್ಷಿಕೆಯಲ್ಲಿ ಆ ಗುಣಕ್ಕೆ ಮನ್ನಣೆ ಸಿಕ್ಕಿತು. ವಿವರಣೆಗೆ ಬಂದಾಗ, ಭಾವನೆಯ ಸಂದರ್ಭವನ್ನು ನಿರ್ಧಾರದೊಳಗೆ ತರುವಲ್ಲಿ ಅವರು ಸೋಲುತ್ತಾರೆ ಎಂದಾಯಿತು. ಇತರರು ಮೋಸಹೋದ ಕಡೆ ಮೋಸಹೋಗದಿದ್ದದ್ದು ಕೂಡ ಕೊರತೆಯ ಲೆಕ್ಕಕ್ಕೇ ಸೇರಿತು.

ಇದಕ್ಕೆ ಎದುರಾಗಿ 2020ರಲ್ಲಿ ಎಡಿನ್‌ಬರೋದ ಕ್ಯಾಥರೀನ್ ಕ್ರಾಂಪ್ಟನ್ ತಂಡ ಯಂತ್ರವಿಲ್ಲದೆ ಮಾಡಿದ ಕೆಲಸ ನೋಡಿ. ಮಕ್ಕಳು ಕಿವಿಯಿಂದ ಕಿವಿಗೆ ಮಾತು ದಾಟಿಸುವ ಆಟ ಆಡುತ್ತಾರಲ್ಲ, ಅದೇ ರೀತಿ 72 ಜನರನ್ನು ಬೇರೆ ಬೇರೆ ಸಾಲುಗಳಾಗಿ ಮಾಡಿ ಒಂದು ಕಥೆಯನ್ನು ದಾಟಿಸಿದರು. ಆಟಿಸಂ ಇರುವವರೇ ಇದ್ದ ಸಾಲು, ಇಲ್ಲದವರೇ ಇದ್ದ ಸಾಲಿನಷ್ಟೇ ಚೆನ್ನಾಗಿ ಕಥೆ ದಾಟಿಸಿತು. ಇಬ್ಬರೂ ಬೆರೆತ ಸಾಲಿನಲ್ಲಿ ಕಥೆ ಹೆಚ್ಚು ಸೋರಿಹೋಯಿತು. ತೊಡಕು ಒಬ್ಬರ ತಲೆಯೊಳಗೆ ಇರುವುದಕ್ಕಿಂತ ಇಬ್ಬರ ನಡುವೆ ಇದೆ ಎಂದು ಆ ಅಧ್ಯಯನ ಸೂಚಿಸಿತು. ಒಬ್ಬೊಬ್ಬರನ್ನೇ ಕೊಳವೆಯೊಳಗೆ ಮಲಗಿಸಿ ತೆಗೆದ ಚಿತ್ರದಲ್ಲಿ ಈ "ನಡುವೆ" ಎಂಬುದು ಸಿಗುವುದೇ ಇಲ್ಲ.

ಎದುರುವಾದದಲ್ಲಿ ಹುರುಳಿಲ್ಲವೆಂದಲ್ಲ. ಒಂದು ಕಾಲದಲ್ಲಿ ಬ್ರೂನೊ ಬೆಟೆಲ್‌ಹೈಮ್‌ನಂಥವರು, ತಾಯಿಯ ಒಣ ಪ್ರೀತಿಯಿಂದಲೇ ಮಗುವಿಗೆ ಆಟಿಸಂ ಬರುತ್ತದೆ ಎಂದು ಬರೆದು ಸಾವಿರಾರು ಹೆಂಗಸರನ್ನು ಅಪರಾಧಿಗಳನ್ನಾಗಿ ಮಾಡಿದ್ದರು. ಇದು ಮಿದುಳಿನ ಬೆಳವಣಿಗೆಯ ವಿಷಯ, ತಾಯಿಯ ತಪ್ಪಲ್ಲ ಎಂಬ ಅರಿವು ಬಂದದ್ದರಲ್ಲಿ ಮಿದುಳಿನ ವಿಜ್ಞಾನದ ಪಾಲಿದೆ. ಅದಕ್ಕೆ ನಾನು ಕೃತಜ್ಞೆ. ಫಿಟ್ಸ್ ಬರುವ ಮಗುವಿಗೆ, ಗಡ್ಡೆಯ ಸಂಶಯ ಇರುವ ಕಡೆ ಎಂ.ಆರ್.ಐ. ಜೀವ ಉಳಿಸುತ್ತದೆ, ವೈದ್ಯರು ಹೇಳಿದಾಗ ಮಾಡಿಸಲೇಬೇಕು. 2017ರಲ್ಲಿ ಅಮೆರಿಕದಲ್ಲಿ, ಅಣ್ಣನಿಗೋ ಅಕ್ಕನಿಗೋ ಆಟಿಸಂ ಇದ್ದ 59 ಕೂಸುಗಳನ್ನು ಆರು ತಿಂಗಳಲ್ಲಿ ಸ್ಕ್ಯಾನ್ ಮಾಡಿ, ಮುಂದೆ ಆಟಿಸಂ ಕಾಣಿಸಿಕೊಂಡ 11ರಲ್ಲಿ 9 ಮಕ್ಕಳನ್ನು ಗುರುತಿಸಿದರು. ಇದು ದೊಡ್ಡ ಭರವಸೆಯೇ. ಆದರೆ ಹನ್ನೊಂದು ಮಕ್ಕಳಿಂದ ಹುಟ್ಟಿದ ಭರವಸೆ ಅದು, ಅದೂ ಮೊದಲೇ ಸಂಭವ ಹೆಚ್ಚಿದ್ದ ಮನೆಗಳಲ್ಲಿ. ಮಿದುಳಿಗೂ ನಡವಳಿಕೆಗೂ ನಂಟು ಹುಡುಕುವ ಇಂಥ ಅಧ್ಯಯನಗಳು ಗಟ್ಟಿಯಾಗಿ ನಿಲ್ಲಬೇಕಾದರೆ ಸಾಮಾನ್ಯವಾಗಿ ಸಾವಿರಾರು ಜನ ಬೇಕು ಎಂದು, ಸುಮಾರು 50,000 ಜನರ ಸ್ಕ್ಯಾನ್ ಇಟ್ಟುಕೊಂಡು ಸ್ಕಾಟ್ ಮಾರೆಕ್ ತಂಡ 2022ರಲ್ಲಿ ತೋರಿಸಿದೆ.

ಈ ಎಚ್ಚರಿಕೆಯ ಮಾತುಗಳೆಲ್ಲ ಮಿದುಳಿನ ಸಂಶೋಧಕರೇ ಹೇಳಿದವು. ನಾನು ವಿಜ್ಞಾನದ ವಿರುದ್ಧ ನಿಂತಿಲ್ಲ, ವಿಜ್ಞಾನ ಹೇಳದ್ದನ್ನು ಅದರ ಹೆಸರಿನಲ್ಲಿ ಮಾರುವುದರ ವಿರುದ್ಧ ನಿಂತಿದ್ದೇನೆ. ಮಾರಾಟ ನಡೆಯುತ್ತಿದೆ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಎಂದು ಲಕ್ಷಗಟ್ಟಲೆ ಹಣ ಕೇಳುವ ಕಡೆ ಚಿಕಿತ್ಸೆಗೆ ಮೊದಲು, ಚಿಕಿತ್ಸೆಯ ನಂತರ ಎಂದು ಎರಡು ಪೆಟ್ ಸ್ಕ್ಯಾನ್ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತೋರಿಸುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ರಕ್ತಕ್ಕೆ ಸಂಬಂಧಿಸಿದ ಕೆಲವು ರೋಗಗಳ ಹೊರತು ಬೇರೆ ಯಾವುದಕ್ಕೂ ಸ್ಟೆಮ್ ಸೆಲ್ಲನ್ನು ಸಂಶೋಧನೆಯ ಹೊರಗೆ ಚಿಕಿತ್ಸೆಯಾಗಿ ಕೊಡುವಂತಿಲ್ಲ. ಸಾಲ ಮಾಡಿ ಬಂದ ತಂದೆತಾಯಿಯ ಮುಂದೆ ಮಾರ್ಗಸೂಚಿ ಇರುವುದಿಲ್ಲ, ಬಣ್ಣದ ಚಿತ್ರ ಇರುತ್ತದೆ.

ಮನುಷ್ಯನ ಬದಲು ಅವನ ಮಿದುಳಿನ ಪರೀಕ್ಷೆ ಮಾತಾಡಿದರೆ ಏನಾಗುತ್ತದೆ ಎಂಬುದನ್ನು ನಮ್ಮ ದೇಶ ಒಮ್ಮೆ ನೋಡಿದೆ. 2008ರಲ್ಲಿ ಪುಣೆಯ ನ್ಯಾಯಾಲಯವೊಂದು ಕೊಲೆ ಪ್ರಕರಣದಲ್ಲಿ ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆಯನ್ನೂ ಸಾಕ್ಷ್ಯಗಳಲ್ಲಿ ಒಂದಾಗಿ ಪರಿಗಣಿಸಿ ಶಿಕ್ಷೆ ಕೊಟ್ಟಿತು. ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ ಆ ವಿಧಾನ ವೈಜ್ಞಾನಿಕವಲ್ಲ ಎಂದು ಹೇಳಿತು. ಮಂಪರು ಪರೀಕ್ಷೆ ಮತ್ತು ಬ್ರೈನ್ ಮ್ಯಾಪಿಂಗ್ ವಿವಾದ ನಮ್ಮ ರಾಜ್ಯದ ಸೆಲ್ವಿ ಪ್ರಕರಣದ ಮೂಲಕ ಸುಪ್ರೀಂ ಕೋರ್ಟಿಗೆ ಹೋಗಿ, 2010ರ ಮೇ 5ರಂದು ತೀರ್ಪು ಬಂತು: ಒಪ್ಪಿಗೆಯಿಲ್ಲದೆ ಯಾರನ್ನೂ ಈ ಪರೀಕ್ಷೆಗಳಿಗೆ ಒಳಪಡಿಸುವಂತಿಲ್ಲ. ಆರೋಪಿಗೆ ಸಂವಿಧಾನದ ರಕ್ಷಣೆ ಸಿಕ್ಕಿತು. ಬಾಯಿಬಾರದ ಮಗುವಿನ ಬಗ್ಗೆ ಮಾತ್ರ, ಕಂಡ ಕಂಡವರು ಕೆಂಪು ನೀಲಿ ಪ್ರಿಂಟು ಹಿಡಿದು ತೀರ್ಪು ಕೊಡುತ್ತಿದ್ದಾರೆ.

ತಂದೆತಾಯಿಗಳಲ್ಲಿ ನನ್ನ ವಿನಂತಿ ಇಷ್ಟು. ಆಟಿಸಂ ಇದೆಯೇ ಎಂದು ತಿಳಿಯಲು ಸ್ಕ್ಯಾನ್ ಬೇಕು ಎಂದು ಯಾರಾದರೂ ಹೇಳಿದರೆ, ಯಾವ ಮಾರ್ಗಸೂಚಿಯಲ್ಲಿದೆ ತೋರಿಸಿ ಎಂದು ಕೇಳಿ. ಆ ದುಡ್ಡನ್ನು ಮಾತು ಕಲಿಸುವ ಥೆರಪಿಸ್ಟಿಗೆ ಕೊಡಿ, ಶಾಲೆಗೆ ಕೊಡಿ, ಮಗುವಿನ ಜೊತೆ ಕೂರಲು ನಿಮಗೇ ಬಿಡುವು ಮಾಡಿಕೊಳ್ಳಲು ಬಳಸಿ. ಸಂಪಾದಕರಲ್ಲಿ ಇನ್ನೊಂದು ವಿನಂತಿ: ಮಿದುಳಿನ ಚಿತ್ರ ಹಾಕುವಾಗ, ಎಷ್ಟು ಜನರ ಸರಾಸರಿ, ಎಂಥವರು ಹೊರಗುಳಿದರು ಎಂಬುದನ್ನು ಅದರ ಕೆಳಗೆ ಒಂದು ಸಾಲಿನಲ್ಲಿ ಅಚ್ಚು ಮಾಡಿ.

ನಮ್ಮ ದೇಶದಲ್ಲಿ ಆಟಿಸಂ ಪ್ರಮಾಣಪತ್ರಕ್ಕೆ ಬಳಸುವ ಅಳತೆಗೋಲು 2009ರಲ್ಲಿ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯಲ್ಲಿ ಸಿದ್ಧವಾದದ್ದು. ಅದರಲ್ಲಿ ನಲವತ್ತು ಅಂಶಗಳಿವೆ. ಮಗುವಿನ ಜೊತೆ ಕೂತು, ಅದನ್ನು ನೋಡಿ, ಮನೆಯವರನ್ನು ಕೇಳಿ ತುಂಬಬೇಕು. ಆ ನಲವತ್ತರಲ್ಲಿ ಒಂದಕ್ಕೂ ಸ್ಕ್ಯಾನ್ ಬೇಕಾಗಿಲ್ಲ.